ನೆಲ ನೋಡುವುದನ್ನು ಬಿಡೋಣ

ಪರಮಪ್ರಸಾದದ ಹೊತ್ತಿಗೆ ಕೆಲವು ಹುಡುಗರು ಬೆಂಚಿನಲ್ಲೇ ಕುಳಿತುಬಿಡುತ್ತಾರೆ. ಕಾರಣ ನಮಗೆ ಗೊತ್ತು. ನಮ್ಮಲ್ಲೂ ಹಾಗೆ ಕುಳಿತವರಿದ್ದಾರೆ. ಅಶ್ಲೀಲ ವಿಡಿಯೋ ಮಾತು ಬಂದರೆ ಎಲ್ಲರೂ ನೆಲ ನೋಡುತ್ತೇವೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಸ್ಯಾಮುಯೆಲ್ ಪೆರ್ರಿ ಮತ್ತು ಸಂಗಡಿಗರು ಅಲ್ಲಿನ ದಂಪತಿಗಳ ಸಮೀಕ್ಷೆ ಪರಿಶೀಲಿಸಿದರು. ಮದುವೆಯ ನಂತರ ಇದನ್ನು ನೋಡತೊಡಗಿದವರಲ್ಲಿ ವಿಚ್ಛೇದನದ ಸಾಧ್ಯತೆ ಶೇ. 6ರಿಂದ 11ಕ್ಕೆ ಏರಿತ್ತು. ವಿಡಿಯೋ ಮನೆ ಮುರಿಯಿತೋ, ಮುರಿಯುತ್ತಿದ್ದ ಮನೆಯವರು ವಿಡಿಯೋ ಹಿಡಿದರೋ, ಆ ಅಂಕಿ ಹೇಳುವುದಿಲ್ಲ. ಆದರೂ ಮದುವೆ ಗೊತ್ತಾದವರು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ.

ಜೋಶುವಾ ಗ್ರಬ್ಸ್ ಎಂಬ ಸಂಶೋಧಕರು ಕಂಡದ್ದಂತೂ ನಮ್ಮಂಥವರ ಕಥೆಯೇ: ಇದು ತಪ್ಪೆಂದು ನಂಬುವ ಭಕ್ತರು, ನೋಡಿದ್ದು ಅಷ್ಟೇನೂ ಇಲ್ಲದಿದ್ದರೂ, ತಾವು ಚಟಕ್ಕೆ ಬಿದ್ದೆವೆಂದು ಕೊರಗುತ್ತಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಬರೀ ಪಾಪಪ್ರಜ್ಞೆಯನ್ನು ಕಾಯಿಲೆ ಎನ್ನುವುದಿಲ್ಲ. ಹಿಡಿತ ತಪ್ಪಿ, ತಿಂಗಳುಗಟ್ಟಲೆ ಓದು, ಕೆಲಸ, ಸಂಬಂಧ ಕೆಡುತ್ತಾ ಹೋದರೆ ಅದು ಬೇರೆ ಮಾತು.

ಪಾಪಕ್ಕೆ ಪಾಪನಿವೇದನೆ ಇದೆ, ಕಾಯಿಲೆಗೆ ವೈದ್ಯರಿದ್ದಾರೆ. 1894ರಲ್ಲೇ ಮಿಷನ್ ದವಾಖಾನೆ ಶುರುವಾದ ಮಿರಜದಲ್ಲಿ ವೈದ್ಯರನ್ನು ಹುಡುಕುವುದು ಕಷ್ಟವಲ್ಲ. ಬಾಯಿ ಬಿಡುವುದು ಕಷ್ಟ. ಅಪ್ಪ-ಅಮ್ಮಂದಿರೇ, ಮೊಬೈಲ್ ಕಸಿದುಕೊಳ್ಳುವ ಮೊದಲು ಪಕ್ಕದಲ್ಲಿ ಕುಳಿತು ಕೇಳಿ. ಸ್ವಾಮಿಗಳೇ, ಮುಂದಿನ ಯುವಕೂಟದಲ್ಲಿ ಈ ವಿಷಯ ನೀವೇ ಎತ್ತಿ. ನಾವು ನೆಲ ನೋಡಬಹುದು, ಎದ್ದು ಹೋಗುವುದಿಲ್ಲ.