ಆನೆಗೆ ಟಿಕ್ ಹಾಕಿದರೆ ಅಳತೆ ಬಂತೇ?

ಕಾರ್ಕಳದ ಗೊಮ್ಮಟ ಸುಮಾರು 42 ಅಡಿ ಎತ್ತರ. ಕಾಪುವಿನ ದೀಪಸ್ತಂಭ ಸುಮಾರು 27 ಮೀಟರ್. ಎರಡನೇ ಕ್ಲಾಸಿನ ಮಗುವೊಂದನ್ನು ಕರೆದು ಇವೆರಡರಲ್ಲಿ ಎತ್ತರ ಯಾವುದು ಎಂದು ಕೇಳಿ ನೋಡಿ. ‘ಗೊಮ್ಮಟ’ ಎಂದರೆ ಆಶ್ಚರ್ಯಪಡಬೇಡಿ. 42 ದೊಡ್ಡದು, 27 ಸಣ್ಣದು. ಮೊಸಳೆಯ ಬಾಯಿ ದೊಡ್ಡ ಸಂಖ್ಯೆಯ ಕಡೆಗೇ ತೆರೆಯಬೇಕು ಎಂದು ನಾವೇ ಹೇಳಿಕೊಟ್ಟಿದ್ದೇವೆ. ನಿಜದಲ್ಲಿ ಅಂಥ ಇಬ್ಬರು ಗೊಮ್ಮಟರನ್ನು ಒಬ್ಬರ ತಲೆಯ ಮೇಲೊಬ್ಬರನ್ನು ನಿಲ್ಲಿಸಿದರೂ ದೀಪಸ್ತಂಭದ ತುದಿ ಮುಟ್ಟುವುದಿಲ್ಲ.

ಇದನ್ನು ಮಗುವಿನ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಸಂಖ್ಯೆ ಕಲಿಸಿದೆವು, ಅಳತೆ ಕಲಿಸಲಿಲ್ಲ. ಎಲ್‌ಕೆಜಿಯಿಂದಲೇ ಶುರುವಾಗುವ ಆ ವರ್ಕ್‌ಶೀಟುಗಳನ್ನು ನೋಡಿ. ಒಂದು ಆನೆ, ಒಂದು ಇಲಿ. ‘ದೊಡ್ಡದಕ್ಕೆ ಟಿಕ್ ಹಾಕಿ.’ ಎಷ್ಟೋ ಹಾಳೆಗಳಲ್ಲಿ ಎರಡೂ ಚಿತ್ರಗಳು ಹೆಚ್ಚುಕಡಿಮೆ ಒಂದೇ ಗಾತ್ರದವು. ಕಣ್ಣಿಗೆ ಕಂಡದ್ದನ್ನು ನಂಬುವ ಮಗು ‘ಎರಡೂ ಒಂದೇ’ ಎಂದರೆ ಅದಕ್ಕೆ ಕೆಂಪು ಗೀಟು. ಕಂಡದ್ದನ್ನು ಬಿಟ್ಟು ಹೆಸರನ್ನು ನೆನಪಿಸಿಕೊಂಡ ಮಗುವಿಗೆ ಸ್ಟಾರ್. ಅಲ್ಲಿ ಯಾರೂ ಏನನ್ನೂ ಹೋಲಿಸಲಿಲ್ಲ, ಯಾರೂ ಏನನ್ನೂ ಅಳೆಯಲಿಲ್ಲ. ಪ್ರಾಣಿಗಳ ಬಗ್ಗೆ ಸಾಮಾನ್ಯ ಜ್ಞಾನದ ಪರೀಕ್ಷೆ ನಡೆಸಿ ಅದಕ್ಕೆ ಗಣಿತ ಎಂದು ಹೆಸರಿಟ್ಟೆವು, ಅಷ್ಟೆ.

ಇಂಗ್ಲಿಷ್ ಮಾಧ್ಯಮದಲ್ಲಿ ಇದಕ್ಕೆ ಇನ್ನೊಂದು ಪದರ ಸೇರುತ್ತದೆ. ಬಿಗ್, ಬಿಗ್ಗರ್, ಬಿಗ್ಗೆಸ್ಟ್ ಎಂದು ಬಾಯಿಪಾಠ ಮಾಡಿದರೆ ಪಾಠ ಮುಗಿಯಿತು. ಅಳತೆ ಹೋಗಿ ವ್ಯಾಕರಣವಾಯಿತು. ನಮ್ಮ ಭಾಷೆಯಲ್ಲಿ ‘ಬಿಗ್ಗರ್’ ಎಂಬ ಸಿದ್ಧ ಪದವಿಲ್ಲ. ‘ಇದಕ್ಕಿಂತ ಅದು ದೊಡ್ಡದು’ ಎನ್ನಬೇಕು. ಯಾವುದಕ್ಕಿಂತ ಎಂಬುದನ್ನು ಎದುರಿಗೆ ತಂದು ನಿಲ್ಲಿಸಬೇಕು. ಅದರ ಮೇಲೆ ‘ಯಾವುದರಲ್ಲಿ ದೊಡ್ಡದು?’ ಎಂಬ ಪ್ರಶ್ನೆ ಬೇರೆ. ಉದ್ದದಲ್ಲೋ, ದಪ್ಪದಲ್ಲೋ, ತೂಕದಲ್ಲೋ, ಹಿಡಿಸುವ ನೀರಿನಲ್ಲೋ? ಚೆಂಬಿನ ನೀರನ್ನು ಉದ್ದನೆಯ ಲೋಟಕ್ಕೆ ಸುರಿದಾಗ ನೀರು ಜಾಸ್ತಿಯಾಯಿತು ಎಂದು ಸಣ್ಣ ಮಕ್ಕಳು ಹೇಳುತ್ತಾರೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಪಿಯಾಜೆ ಕಳೆದ ಶತಮಾನದಲ್ಲೇ ತೋರಿಸಿಕೊಟ್ಟ. ಆ ತಿಳಿವಳಿಕೆ ಬದಲಾಗಬೇಕಾದರೆ ಮಗು ತಾನೇ ಸುರಿಯಬೇಕು, ಚೆಲ್ಲಬೇಕು, ಮತ್ತೆ ಚೆಂಬಿಗೆ ತುಂಬಿ ನೋಡಬೇಕು. ಕಾಗದದ ಮೇಲಿನ ಲೋಟದಿಂದ ನೀರು ಚೆಲ್ಲುವುದಿಲ್ಲ.

ಬೇಸರದ ಸಂಗತಿಯೆಂದರೆ, ಇದೆಲ್ಲ ನಮ್ಮ ಅಂಗಳದಲ್ಲೇ ಇದೆ. ಕಾಪು ತಾಲ್ಲೂಕಿನ ಶಂಕರಪುರದ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ಮೊಳದ ಲೆಕ್ಕವಿಲ್ಲ, ಕಿಲೋ ಲೆಕ್ಕವೂ ಇಲ್ಲ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೊಗ್ಗು ದಪ್ಪವಿದ್ದ ದಿನ ಚೆಂಡು ದೊಡ್ಡದಾಗಿ ಕಂಡೀತು, ಸಪೂರವಿದ್ದ ದಿನ ಸಣ್ಣದಾಗಿ ಕಂಡೀತು; ಆದರೂ ಚೆಂಡು ಚೆಂಡೇ. ಕಾಣುವ ಗಾತ್ರ ಬೇರೆ, ಎಣಿಕೆ ಬೇರೆ ಎಂಬ ಈ ಸೂಕ್ಷ್ಮ, ಅಮ್ಮನ ಪಕ್ಕ ಕೂತು ಬಾಳೆನಾರಿಗೆ ಮೊಗ್ಗು ಕೊಡುವ ಮಗುವಿನ ಬೆರಳಿಗೆ ಗೊತ್ತು. ಶಾಲೆ ಮಾತ್ರ ಆ ಬೆರಳಿಗೆ ಪೆನ್ಸಿಲ್ ಕೊಟ್ಟು ಆನೆಗೆ ಟಿಕ್ ಹಾಕಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಾಗ ಗ್ರಂಥಕ್ಕೆ ‘ವ್ಯವಹಾರಗಣಿತ’ ಎಂದು ಹೆಸರಿಟ್ಟ. ನಾವು ವ್ಯವಹಾರವನ್ನು ಶಾಲೆಯ ಗೇಟಿನ ಹೊರಗೇ ಬಿಟ್ಟು ಬರಲು ಹೇಳುತ್ತಿದ್ದೇವೆ.

ಹಾಗೆಂದು ನಾನು ಸೇರು, ಮುಡಿ, ಕೋಲುಗಳ ಕಾಲಕ್ಕೆ ಹಿಂತಿರುಗೋಣ ಎನ್ನುತ್ತಿಲ್ಲ. ಗೇಣಿಯ ಅಕ್ಕಿಯನ್ನು ಮುಡಿಯಲ್ಲಿ ಅಳೆದುಕೊಡುತ್ತಿದ್ದ ಜಿಲ್ಲೆ ಇದು. ಅಳೆಯುವ ಸೇರು ಯಾರ ಕೈಯಲ್ಲಿದೆ ಎಂಬುದು ಒಕ್ಕಲಿನವನಿಗೆ ಹೊಟ್ಟೆಯ ಪ್ರಶ್ನೆಯಾಗಿತ್ತು. 1956ರ ಕಾನೂನಿನ ಬೆನ್ನಿಗೆ 1958ರಿಂದ ಮೆಟ್ರಿಕ್ ತೂಕ ದೇಶದಲ್ಲಿ ಜಾರಿಗೆ ಬಂದದ್ದು ಬರೀ ಅನುಕೂಲಕ್ಕಲ್ಲ. ಎಲ್ಲರಿಗೂ ಒಂದೇ ಅಳತೆ ಎಂಬುದು ನ್ಯಾಯದ ಮಾತು. ಆದರೆ ಆ ನ್ಯಾಯ ಯಾಕೆ ಬೇಕಾಯಿತು ಎಂದು ಮಗುವಿಗೆ ತಿಳಿಯಬೇಡವೇ? ಬೆಂಚನ್ನು ಇಬ್ಬರು ಮಕ್ಕಳು ಗೇಣಿನಲ್ಲಿ ಅಳೆಯಲಿ. ಒಬ್ಬನಿಗೆ ಎಂಟು ಬರುತ್ತದೆ, ಇನ್ನೊಬ್ಬಳಿಗೆ ಒಂಬತ್ತು. ಜಗಳವಾಗಲಿ. ‘ಯಾರ ಗೇಣು ಸರಿ?’ ಎಂಬ ಆ ಜಗಳದ ಕೊನೆಗೆ ಸ್ಕೇಲು ಬರಬೇಕು. ನಾವು ಜಗಳವನ್ನೇ ಬಿಟ್ಟು ಸ್ಕೇಲನ್ನು ಕೊಟ್ಟುಬಿಡುತ್ತೇವೆ. ಹಾಗಾಗಿ ಅದು ಗೆರೆ ಎಳೆಯುವ ಪಟ್ಟಿಯಾಗಿಯೇ ಉಳಿಯುತ್ತದೆ.

ಇದು ಸಣ್ಣ ವಿಷಯ, ದೊಡ್ಡವರಾದ ಮೇಲೆ ಕಲಿತಾರು ಎನ್ನುವವರಿಗೆ ಒಂದು ಮಾತು. 1999ರಲ್ಲಿ ಮಂಗಳನತ್ತ ಹೋದ ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನಾಶವಾದದ್ದು ಒಂದು ತಂಡ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆ ಮೆಟ್ರಿಕ್ ಎಂದು ಓದಿಕೊಂಡದ್ದರಿಂದ. ಗೊಮ್ಮಟ ಮತ್ತು ದೀಪಸ್ತಂಭದ ತಪ್ಪು ಅದೇ ಜಾತಿಯದ್ದು. ಮಣಿಪಾಲದ ಪ್ರಯೋಗಾಲಯಗಳಲ್ಲಿ ರೀಡಿಂಗ್ ತೆಗೆದುಕೊಳ್ಳುವ ಗೆಳೆಯರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು.

‘ಕ್ಲಾಸಿನಲ್ಲಿ ಮೂವತ್ತು ಮಕ್ಕಳು, ನೀರು ಚೆಲ್ಲಿದರೆ ಒರೆಸುವವರು ಯಾರು?’ ಎಂದು ಟೀಚರ್ ಕೇಳಿಯಾರು. ನ್ಯಾಯವಾದ ಪ್ರಶ್ನೆ. ಆದರೆ ಅವರ ಕೈ ಕಟ್ಟಿದ್ದು ನೀರಲ್ಲ, ನಾವು. ಸರಕಾರಿ ಶಾಲೆಯ ನಲಿಕಲಿಯಲ್ಲಿ, 2021ರ ನಿಪುಣ್ ಭಾರತ್ ಗುರಿಗಳಲ್ಲಿ ಕೈಯಿಂದ ಮಾಡಿ ಕಲಿಯುವುದಕ್ಕೆ ಜಾಗವಿದೆ. ಮಗು ಸಂಜೆ ತುಂಬಿದ ಪುಸ್ತಕ ತರದಿದ್ದರೆ ‘ಇವತ್ತು ಏನೂ ಮಾಡಿಸಲಿಲ್ಲವಾ?’ ಎಂದು ಕೇಳುವವರು ನಾವೇ. ಗೆರಟೆ, ಹುಣಸೆಬೀಜ, ಹಿಡಿಸೂಡಿಯ ಕಡ್ಡಿ, ಒಂದು ಹಗ್ಗ: ಇವಕ್ಕೆ ದುಡ್ಡು ಬೇಕಿಲ್ಲ. ಆದರೆ ಇವು ಪುಸ್ತಕದಲ್ಲಿ ಸಹಿ ಬಿಟ್ಟು ಹೋಗುವುದಿಲ್ಲ.

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ರಾಜ್ಯಕ್ಕೇ ಮೊದಲು ಬಂತು. ಸಂತೋಷ. ಜಿಲ್ಲೆಗಳನ್ನು, ಶಾಲೆಗಳನ್ನು, ಪಕ್ಕದ ಮನೆಯ ಮಗುವನ್ನು ನಮ್ಮ ಮಗುವಿನೊಂದಿಗೆ ಹೋಲಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಮಕ್ಕಳನ್ನು ದಿನವೂ ಅಳೆಯುತ್ತೇವೆ. ಮಕ್ಕಳ ಕೈಗೆ ಮಾತ್ರ ಅಳತೆ ಕೊಡುವುದಿಲ್ಲ. ಮುಂದಿನ ಭಾನುವಾರ ಕಾಪು ಬೀಚಿಗೆ ಹೋಗುವಾಗ ಒಂದು ಹಗ್ಗ ಜೊತೆಗಿರಲಿ. ದೀಪಸ್ತಂಭದ ನೆರಳನ್ನು ಮಗು ತನ್ನ ಹೆಜ್ಜೆಯಲ್ಲಿ ಒಮ್ಮೆ, ಹಗ್ಗದಲ್ಲಿ ಒಮ್ಮೆ ಅಳೆಯಲಿ. ಲೆಕ್ಕ ತಪ್ಪಿದರೆ ಕೆಂಪು ಗೀಟು ಹಾಕಬೇಡಿ, ಇನ್ನೊಮ್ಮೆ ಅಳೆಯಲು ಬಿಡಿ.