ಅಸಲಿ ಸ್ಟೇರಿಂಗಿನ ಗುರುತು
ಹಳೆ ಜೀಪಿನ ಸ್ಟೇರಿಂಗ್ ಕಾಲಂ ಎತ್ತಿ ತೋರಿಸಿ ‘ಯುದ್ಧದ ಟೈಮಿನ ಅಮೆರಿಕಾ ಮಾಲ್ ರೀ ಸರ, ಒರಿಜಿನಲ್ ಐತಿ’ ಎನ್ನುವ ಗುಜರಿಯವರ ಮಾತನ್ನು ಸಿಂಧನೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹಾಗೇ ನಂಬಿ ದುಡ್ಡು ಎಣಿಸಬೇಡಿ. ಮೊದಲು ಅದು ಯಾವ ಬದಿಯದೆಂದು ಕೇಳಿ. ಎರಡನೇ ಮಹಾಯುದ್ಧದ ವಿಲ್ಲಿಸ್ ಮತ್ತು ಫೋರ್ಡ್ ಜೀಪುಗಳಿಗೆ ಸ್ಟೇರಿಂಗ್ ಇದ್ದದ್ದು ಎಡಕ್ಕೆ. 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದ ಮಹೀಂದ್ರಾದವರು ಮುಂದೆ ನಮ್ಮ ರಸ್ತೆಗಳಿಗೆ ಕೊಟ್ಟ ಹಲವು ಜೀಪುಗಳಿಗೆ ಬಲಕ್ಕೆ. ಆಮೇಲೆ ಡೀಸೆಲ್ ಅದ್ದಿದ ಬಟ್ಟೆಯಿಂದ ಗ್ರೀಸ್ ಒರೆಸಿ ಅಚ್ಚು ಹುಡುಕಿ. ಯುದ್ಧಕಾಲದ ಫೋರ್ಡ್ ಕಂಪನಿ ಬೋಲ್ಟಿನ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತುತ್ತಿತ್ತು. ಅದೊಂದೇ ಸಾಕ್ಷಿ ಸಾಲದು, ಈಗಿನ ನಕಲಿ ಬೋಲ್ಟುಗಳಲ್ಲೂ ಆ ‘ಎಫ್’ ಇರುತ್ತದೆ. ಕೊನೆಗೆ ಕಾಲಂ ಬುಡದ ಸ್ಟೇರಿಂಗ್ ಬಾಕ್ಸ್ ಬಿಚ್ಚಿಸಿ. ಶಾಫ್ಟಿನ ಬುಡದಲ್ಲಿ ಸುರುಳಿ ಕಚ್ಚು, ಅದರೊಳಗೆ ಓಡಾಡುವ ಲಿವರಿನ ಪಿನ್ನು. ಇವೆರಡು ಸವೆದಿದ್ದರೆ ಸ್ಟೇರಿಂಗ್ ಎಷ್ಟೋ ತಿರುಗಿದ ಮೇಲೆಯೇ ಚಕ್ರ ಅಲುಗುವುದು. ಅಂಥ ಕಾಲಂ ಎಷ್ಟೇ ಅಸಲಿಯಾದರೂ ಪ್ರದರ್ಶನಕ್ಕಿಡಲು ಲಾಯಕ್ಕು. ಮಸ್ಕಿ ರಸ್ತೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಸಲು, ಹೊಸದಾದರೂ ಬಿಗಿಯಾದದ್ದೇ ವಾಸಿ.