ತಿದ್ದಲು ಅನುಮತಿ ಇದೆ, ಇಳಿಸಿಕೊಳ್ಳಲು ಡೇಟಾ ಇಲ್ಲ

ಫೈರ್‌ಫಾಕ್ಸ್ ಬ್ರೌಸರ್ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದರ ಕೋಡ್ ತೆರೆದು ನೋಡಬಹುದು, ತಿದ್ದಿ ಕಳಿಸಬಹುದು. ಆದರೆ ತಿದ್ದಿದ್ದು ಸರಿಯಾಯಿತೇ ಎಂದು ನೋಡಲು ಇಡೀ ಬ್ರೌಸರನ್ನು ನಮ್ಮ ಕಂಪ್ಯೂಟರಿನಲ್ಲೇ ಒಮ್ಮೆ ಕಟ್ಟಬೇಕು. ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಲಿನಕ್ಸ್‌ನಲ್ಲಿ ಕನಿಷ್ಠ 4 ಜಿಬಿ ರ್‍ಯಾಮ್, 30 ಜಿಬಿ ಖಾಲಿ ಜಾಗ ಬೇಕೆಂದು ಅವರ ಕೈಪಿಡಿಯೇ ಹೇಳುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿ, ಫೋನಿನ ಹಾಟ್‌ಸ್ಪಾಟ್‌ನಲ್ಲಿ ಓದುವ ಬಿಸಿಎ ಹುಡುಗಿ ಎಲ್ಲಿಂದ ಶುರು ಮಾಡಬೇಕು?

ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಬಾರದು, ಅದಕ್ಕೇ ಹಿಂದೆ ಬೀಳುತ್ತಾರೆ ಎಂದು ದೊಡ್ಡವರು ಹೇಳುತ್ತಾರೆ. ನಾವಿದನ್ನು ಒಪ್ಪುವುದಿಲ್ಲ. ಅವರು ಎಡವುತ್ತಿರುವುದು ಹೊಸ್ತಿಲಲ್ಲೇ.

ಗಿಟ್ ಅನ್ನೇ ನೋಡಿ. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂದು ಲೆಕ್ಕ ಇಡುವ ಸಾಧನ ಅದು. ಡೇರಿಯಲ್ಲಿ ಹಾಲು ಬರೆಯುವ ಪುಸ್ತಕದ ಹಾಗೆ, ಆದರೆ ಇಡೀ ಪುಸ್ತಕದ ಪ್ರತಿ ಎಲ್ಲರ ಮನೆಯಲ್ಲೂ ಇರುತ್ತದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕೆಂದು ಬರೆದದ್ದು. ಒಮ್ಮೆ ಪ್ರತಿ ಸಿಕ್ಕರೆ ನೆಟ್ ಇಲ್ಲದೆಯೂ ವಾರಗಟ್ಟಲೆ ಕೆಲಸ ಮಾಡಬಹುದು. ನಮ್ಮೂರಿಗೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಇರುವುದು ಆ ಮೊದಲ ಪ್ರತಿಯಲ್ಲೇ. ಅದನ್ನು ಇಳಿಸಿಕೊಳ್ಳುವಾಗ ಅರ್ಧದಲ್ಲಿ ಸಿಗ್ನಲ್ ಹೋದರೆ ಸಿನಿಮಾ ಡೌನ್‌ಲೋಡ್‌ನಂತೆ ನಿಂತಲ್ಲಿಂದ ಮುಂದುವರಿಯದು. ಮತ್ತೆ ಮೊದಲಿನಿಂದ. ಹೋದ ಡೇಟಾ ಹೋದಂತೆಯೇ.

ದಾರಿಗಳಿವೆ, ಹೇಳುವವರಿಲ್ಲ. ಕ್ಲೋನ್ ಮಾಡುವಾಗ ‘ಡೆಪ್ತ್ 1’ ಎಂದು ಕೊಟ್ಟರೆ ಹಳೆಯ ಇತಿಹಾಸ ಬಿಟ್ಟು ಇವತ್ತಿನ ಕೋಡ್ ಮಾತ್ರ ಬರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಮೆನು, ಬಟನ್‌ಗಳಂಥ ಮೇಲ್ಮೈ ಕೆಲಸಕ್ಕೆ ‘ಆರ್ಟಿಫ್ಯಾಕ್ಟ್ ಬಿಲ್ಡ್’ ಇದೆ: ಭಾರದ ಭಾಗಗಳು ಕಟ್ಟಿದ ಸ್ಥಿತಿಯಲ್ಲೇ ಸಿಗುತ್ತವೆ, ಬಡಪಾಯಿ ಲ್ಯಾಪ್‌ಟಾಪ್ ಬೆವರಬೇಕಿಲ್ಲ. ಎಲ್ಲಕ್ಕಿಂತ ಉಪಯೋಗದ್ದು ‘ಗಿಟ್ ಬಂಡಲ್’. ಇಡೀ ಕೋಡು, ಇತಿಹಾಸ ಎಲ್ಲವೂ ಒಂದೇ ಫೈಲ್ ಆಗುತ್ತದೆ. ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ದು ಅದರಿಂದಲೇ ಕ್ಲೋನ್ ಮಾಡಿ, ಆಮೇಲೆ ಅಸಲಿ ವಿಳಾಸ ಕೊಟ್ಟರೆ ಹೊಸ ಬದಲಾವಣೆಗಳಷ್ಟೇ ನೆಟ್‌ನಿಂದ ಬರುತ್ತವೆ.

ನಮ್ಮ ಬೇಡಿಕೆ ಸಣ್ಣದು. ತಾಲ್ಲೂಕು ಕೇಂದ್ರದ ಪ್ರತಿ ಪದವಿ ಕಾಲೇಜಿನ ಲ್ಯಾಬ್‌ನಲ್ಲೂ ನಾಲ್ಕೈದು ಮುಕ್ತ ತಂತ್ರಾಂಶಗಳ ಬಂಡಲ್‌ಗಳನ್ನು ಒಂದು ಹಾರ್ಡ್‌ಡಿಸ್ಕ್‌ನಲ್ಲಿಡಲಿ, ತಿಂಗಳಿಗೊಮ್ಮೆ ಹೊಸದು ಮಾಡಲಿ. ವೈರಸ್ ಬರುತ್ತದೆಂದು ಪೆನ್‌ಡ್ರೈವ್‌ಗೆ ಬೀಗ ಹಾಕುವ ಲ್ಯಾಬ್‌ಗಳು ಈ ಒಂದು ಕೆಲಸಕ್ಕಾದರೂ ಬೀಗ ತೆಗೆಯಲಿ. ಹೊಸದಾಗಿ ಹಣ ಕೇಳುವ ಯೋಜನೆಯಲ್ಲ ಇದು, ಲ್ಯಾಬ್ ಸಹಾಯಕರ ಒಂದು ಮಧ್ಯಾಹ್ನದ ಕೆಲಸ.

ಇಷ್ಟೇಕೆ ಕೇಳುತ್ತೇವೆಂದರೆ, ಕನ್ನಡದ ಉದ್ದ ಪದ ಬಟನ್‌ನಲ್ಲಿ ಅರ್ಧಕ್ಕೆ ನಿಲ್ಲುವುದು, ಒತ್ತಕ್ಷರದ ಕೆಳಗಿನ ತುದಿ ಕತ್ತರಿಸಿ ಹೋಗುವುದು ಕಣ್ಣಿಗೆ ಬೀಳುವುದು ದಿನವೂ ಕನ್ನಡದಲ್ಲೇ ಫೋನ್ ನೋಡುವ ನಮಗೆ. ತಿದ್ದುವವರು ಕನ್ನಡ ಓದಬೇಕೆಂದೇನಿಲ್ಲ, ಹಾಗಾಗಿ ಅದು ಅಲ್ಲೇ ಉಳಿಯುತ್ತದೆ. ಎಷ್ಟೋ ಸಲ ಆ ತಿದ್ದುಪಡಿ ಒಂದೆರಡು ಸಾಲಿನದು. ಲಿನಕ್ಸ್ ಕರ್ನಲ್‌ನವರು ಇಂದಿಗೂ ತಿದ್ದುಪಡಿಗಳನ್ನು ಬರೀ ಇಮೇಲ್‌ನಲ್ಲೇ ತೆಗೆದುಕೊಳ್ಳುತ್ತಾರೆ, ಅಷ್ಟು ಹಗುರ ಅವು. ಕಳಿಸಲು ನಮ್ಮೂರಿನ ಸಿಗ್ನಲ್ ಸಾಕು. ಮೊದಲ ಪ್ರತಿಯೊಂದು ಕೈಗೆ ಬರಬೇಕಿದೆ.